ಸವೆಸಲು ಕೊಟ್ಟ ಬಾತುಕೋಳಿ

ಮಗಳಿಗೆ ತನ್ನದು ಅನ್ನುವ ಒಂದೇ ಒಂದು ಆಟಿಕೆ ಇರಲಿಲ್ಲ.

ಮನೆಯಲ್ಲಿ ಆಟಿಕೆಗಳಿಗೇನೂ ಬರವಿರಲಿಲ್ಲ. ಮಂಚದ ಕೆಳಗೆ ತಗಡಿನ ಬಸ್ಸು, ಕಿಟಕಿಯಲ್ಲಿ ಬಟ್ಟೆಯ ಮೊಲ, ಬಚ್ಚಲಲ್ಲಿ ರಬ್ಬರಿನ ಮೀನು, ಅಡುಗೆಮನೆಯ ಡಬ್ಬಗಳ ನಡುವೆ ಬುಗುರಿ. ಅಜ್ಜಿ ನೀರು ಕುಡಿಯಲು ಎದ್ದರೆ ಕಾಲಡಿಗೆ ಏನಾದರೊಂದು ಸಿಕ್ಕಿ ಕೀಂ ಅನ್ನುತ್ತಿತ್ತು. ಆದರೆ ಅವೆಲ್ಲ ಕಂಪನಿಯವು. ಹೊಸದಾಗಿ ಬರುತ್ತಿದ್ದವು, ಹಳೆಯದಾಗಿ ವಾಪಸ್ಸು ಹೋಗುತ್ತಿದ್ದವು. ನಡುವಿನ ಕೆಲಸ ಮಗಳದು.

ತಾಯಿ ದುಡಿಯುತ್ತಿದ್ದದ್ದು ದೊಡ್ಡವರಿಗೆ ಆಟಿಕೆ ಮಾರುವ ಕಂಪನಿಯಲ್ಲಿ. ಅಲ್ಲಿ ಎಲ್ಲರೂ ಅವಳನ್ನು ಸವೆತದಕ್ಕ ಅನ್ನುತ್ತಿದ್ದರು. ಕಟ್ಟಡದ ನೆಲಮಾಳಿಗೆಯಲ್ಲಿ ಕೆಲಸದ ಕೋಣೆ, ರಸ್ತೆಯ ಮಟ್ಟಕ್ಕೆ ಅಂಗಡಿ, ಅದರ ಮೇಲೆ ಆಟದ ಮಹಡಿ. ಮಕ್ಕಳಿಗೆ ಪ್ರವೇಶವಿಲ್ಲ ಎಂದು ಬಾಗಿಲ ಮೇಲೇ ಬರೆದಿತ್ತು. ಬರುವವರೆಲ್ಲ ಕನ್ನಡಕ, ಬೊಜ್ಜು, ಬೆನ್ನುನೋವು ಇದ್ದವರು. ಚಿಕ್ಕಂದಿನಲ್ಲಿ ತಾವು ಆಡಿದ ಆಟಿಕೆ ಮತ್ತೆ ಕೈಗೆ ಸಿಗಬೇಕು ಅನ್ನುವವರು. ಅವರಿಗೆ ಹೊಳೆಯುವ ಹೊಸ ಆಟಿಕೆ ಕೊಟ್ಟರೆ ಒಮ್ಮೆ ತಿರುಗಿಸಿ ನೋಡಿ ಕೆಳಗಿಡುತ್ತಿದ್ದರು. ಮೂಗಿನ ಬಣ್ಣ ಹೋಗಿರಬೇಕು, ಗಾಲಿ ಅಲುಗಾಡಬೇಕು, ಬಾಲದಲ್ಲಿ ಹಲ್ಲಿನ ಗುರುತಿರಬೇಕು. ಆಗ ಅವರ ಕಣ್ಣು ತುಂಬಿ ಬರುತ್ತಿತ್ತು.

ಹೀಗಾಗಿ ಬಣ್ಣದವನು ಬೆಳಿಗ್ಗೆ ಬಣ್ಣ ಹಚ್ಚಿ ಒಣಗಿಸಿಟ್ಟದ್ದನ್ನು ಸವೆತದಕ್ಕ ಮಧ್ಯಾಹ್ನ ಉಜ್ಜಿ ತೆಗೆಯಬೇಕಿತ್ತು. ಕಷ್ಟದ ಕೆಲಸವಲ್ಲ, ಹೊಲಸು ಕೆಲಸ. ಮಗುವಿನ ಕೈ ಎಲ್ಲೆಲ್ಲಿ ಹೋಗುತ್ತದೋ ಅಲ್ಲೆಲ್ಲ ಮರಳುಕಾಗದ ಆಡಿಸಬೇಕು. ಆಮೇಲೆ ಚಹಾಪುಡಿ ಕುದಿಸಿದ ನೀರು, ಆಮೇಲೆ ಗುಡಿಸಿ ತೆಗೆದ ಧೂಳು ಮತ್ತು ಎಣ್ಣೆಬಟ್ಟೆ. ಕೊನೆಗೆ ವಾಸನೆ. ಅದಕ್ಕೆಂದೇ ಬಿಗಿ ಮುಚ್ಚಳದ ಒಂದು ಗಾಜಿನ ಭರಣಿ ಇತ್ತು. ತಲೆಗೆ ಹಚ್ಚುವ ಎಣ್ಣೆ, ಮಕ್ಕಳ ಪೌಡರು, ಒದ್ದೆ ಗೋಣಿಯ ತುಂಡು, ಹುಳಿಯೆದ್ದ ಹಾಲಿನ ಕೆನೆ, ಎಲ್ಲ ಅದರಲ್ಲಿ ಕೊಳೆಯುತ್ತಿದ್ದವು. ಅದರಲ್ಲಿ ಅದ್ದಿದ ಹತ್ತಿಯನ್ನು ಗೊಂಬೆಗಳ ಹೊಟ್ಟೆಗೆ ತುರುಕಬೇಕು. ಭರಣಿ ತೆರೆದಾಗಲೆಲ್ಲ ಬಣ್ಣದವನು ಮೂಗು ಹಿಡಿದು ಮೆಟ್ಟಿಲ ಕಡೆ ಓಡುತ್ತಿದ್ದ.

"ಅಕ್ಕಾ, ಹೇಳಿ ತೆಗೀಬಾರದಾ? ಹೊಟ್ಟೆ ತೊಳಸ್ತದೆ."

"ಮೇಲಿನೋರು ಇದನ್ನೇ ಎದೆಗೆ ಅವಚಿಕೊಂಡು ಅಳ್ತಾರಲ್ಲೋ. ನಿಂಗೇನು ಬಂತು?"

"ಅವ್ರು ಅಳೋದು ವಾಸನೆಗೇ ಇರಬೇಕು."

ಹಲ್ಲಿನ ಗುರುತಿಗೆ ಯಾವ ಹತಾರವೂ ಒದಗಲಿಲ್ಲ. ಉಳಿಯಿಂದ ಮಾಡಿದರೆ ಇಲಿ ಕಡಿದ ಹಾಗಿದೆ ಅಂದರು, ಮೊಳೆಯಿಂದ ಮಾಡಿದರೆ ಮೊಳೆಯ ಹಾಗೇ ಇದೆ ಅಂದರು. ಕೊನೆಗೆ ಸವೆತದಕ್ಕನೇ ಕಚ್ಚಲು ಶುರುಮಾಡಿದಳು. ಮುಂದಿನ ಹಲ್ಲು ಅಗಲವಾಯಿತೆಂದು ಕೋರೆಹಲ್ಲಿನ ಪಕ್ಕದ ಸಣ್ಣ ಹಲ್ಲುಗಳಲ್ಲಿ, ತಲೆ ವಾಲಿಸಿ, ನಾಯಿ ಮೂಳೆ ಕಡಿಯುವ ಹಾಗೆ. ಬಾಯಿಗೆ ವಾರ್ನಿಶ್ ಹತ್ತಿಕೊಂಡರೆ ಎಷ್ಟು ಮುಕ್ಕಳಿಸಿದರೂ ಹೋಗುತ್ತಿರಲಿಲ್ಲ. ಮನೆಗೆ ಹೋಗಿ ಅನ್ನ ಉಂಡರೆ ಅನ್ನಕ್ಕೂ ಅದೇ ರುಚಿ.

"ಇವತ್ತೇನಕ್ಕ ಊಟ? ಕುದುರೆನಾ ಕೋತಿನಾ?" ಎಂದು ಬಣ್ಣದವನು ಕೇಳುತ್ತಿದ್ದ.

"ನಿನ್ನ ತಲೆ. ಬಾ ಇಲ್ಲಿ."

ತಯಾರಾದದ್ದನ್ನು ಬುಟ್ಟಿಯಲ್ಲಿ ತುಂಬಿ ಮೇಲೆ ಒಯ್ಯುವುದೂ ಅವಳ ಕೆಲಸವೇ. ಆಟದ ಮಹಡಿಗೆ ಕಾಲಿಟ್ಟ ಕೂಡಲೇ ಕಾಲುಚೀಲದ ಬೆವರು ಮೂಗಿಗೆ ಅಡರುತ್ತಿತ್ತು. ಗಂಡಸರಿಗೆ ಬಾಗಿಲಲ್ಲೇ ನೀಲಿ ಚಡ್ಡಿ ಕೊಡುತ್ತಿದ್ದರು. ಕೂದಲು ತುಂಬಿದ ತೊಡೆ ಚಾಚಿಕೊಂಡು ಚಾಪೆಯ ಮೇಲೆ ಗೋಲಿ ಆಡುತ್ತಿದ್ದರು. ಎಲ್ಲರ ಬಾಯಲ್ಲೂ ಕಡ್ಡಿಗೆ ಸಿಕ್ಕಿಸಿದ ಮಿಠಾಯಿ. ಜೊಲ್ಲು ಅಂಟಿದ ಬೆರಳಲ್ಲೇ ಗೋಲಿ ಹೊಡೆದು, ಅದೇ ಗೋಲಿಯನ್ನು ಪಕ್ಕದವನು ಎತ್ತಿಕೊಂಡು, ಅವನೂ ಬೆರಳು ನೆಕ್ಕಿ ಹೊಡೆಯುತ್ತಿದ್ದ. ಅವರಲ್ಲೊಬ್ಬ ಕಚೇರಿಯಲ್ಲಿ ನೂರು ಜನರ ಮೇಲೆ ಅಧಿಕಾರ ನಡೆಸುತ್ತಾನಂತೆ. ಸೋತರೆ ಗೋಲಿಯನ್ನು ತೊಡೆಯ ಸಂದಿಯಲ್ಲಿ ಅಡಗಿಸಿ ತುಟಿ ಉಬ್ಬಿಸಿ ಕೂರುತ್ತಿದ್ದ. ಅವನಿಗೆ ಕೆಳಗಿನವರು ಚಡ್ಡಿ ಸಾಹೇಬ ಎಂದು ಹೆಸರಿಟ್ಟಿದ್ದರು. ಹೆಂಗಸರೂ ಕಡಿಮೆಯಿರಲಿಲ್ಲ. ಮೊಮ್ಮಕ್ಕಳನ್ನು ಕಾಣುವ ವಯಸ್ಸಿನವಳೊಬ್ಬಳು ನಾಲಿಗೆ ತೊದಲಿಸಿ, "ನಂ ಜೊತೆ ಟೂ, ನೀನು ಬಬ್ಬೇಡ" ಅನ್ನುವಾಗ ಸವೆತದಕ್ಕನ ಬೆನ್ನಿನ ಮೇಲೆ ಹುಳು ಹರಿದ ಹಾಗಾಗುತ್ತಿತ್ತು. ಸಂಜೆ ಚಾಪೆ ಒದರಿದರೆ ಕಚ್ಚಿ ಉಗಿದ ಉಗುರು, ನರೆತ ಕೂದಲು, ಅರ್ಧ ಚೀಪಿದ ಮಿಠಾಯಿ.

"ಮೀಸೆ ನರೆತೋರು ಗೋಲಿ ಆಡೋಕೆ ದುಡ್ಡು ಕೊಟ್ಟು ಬರ್ತಾರಾ?" ಎಂದು ಮನೆಯಲ್ಲಿ ಅತ್ತೆ, ಮಗಳ ಅಜ್ಜಿ, ಕೇಳಿದ್ದಳು.

"ಮುಂಗಡ ಕೊಟ್ಟು ಸೀಟು ಹಿಡೀತಾರೆ ಅತ್ತೆ."

"ಥೂ. ಅವರ ಹೆಂಡಂದಿರ ಹಣೆಬರಹ."

ಮಗಳು ಈ ಕೆಲಸಕ್ಕೆ ಬಂದದ್ದು ಬೇಸಿಗೆ ರಜೆಯಲ್ಲಿ. ಅತ್ತೆಗೆ ಜ್ವರ ಬಂದು ಮಲಗಿದ್ದರಿಂದ ಸವೆತದಕ್ಕ ಮಗಳನ್ನು ನೆಲಮಾಳಿಗೆಗೆ ಕರೆತಂದು, ಮೇಜಿನ ಕೆಳಗೆ ಒಂದು ಮರದ ಆನೆ ಕೊಟ್ಟು ಕೂರಿಸಿದಳು. ಅತ್ತೆ ಚೇತರಿಸಿಕೊಳ್ಳುವ ಹೊತ್ತಿಗೆ ಆನೆಯ ಒಂದು ಕಿವಿಯ ಬಣ್ಣ ಪೂರ್ತಿ ಹೋಗಿತ್ತು, ಸೊಂಡಿಲ ತುದಿ ಜಗಿದು ಜಗಿದು ನಾರಾಗಿತ್ತು. ಕಂಪನಿ ನಡೆಸುವ ಮೇಡಂ ಕೆಳಗೆ ಬಂದವಳು ಆನೆಯನ್ನು ಎತ್ತಿಕೊಂಡು ಬೆಳಕಿಗೆ ಹಿಡಿದಳು.

"ಯಾರು ಮಾಡಿದ್ದು ಇದನ್ನ?"

"ತಪ್ಪಾಯ್ತು ಮೇಡಂ. ಮಗು, ಗೊತ್ತಾಗಲಿಲ್ಲ."

"ತಪ್ಪಲ್ಲ. ಇದು ಕೈಯಲ್ಲಿ ಮಾಡೋಕೆ ಬರಲ್ಲ ನೋಡು. ನೀನಾದ್ರೆ ಎರಡೂ ಕಿವಿ ಉಜ್ಜಿರ್ತಿದ್ದೆ. ಇವಳು ಒಂದೇ ಕಿವಿ ಹಿಡ್ಕೊಂಡು ನಿದ್ದೆ ಮಾಡಿದಾಳೆ. ಜನ ಕೊಳ್ಳೋದು ಇದನ್ನ." ಮೇಡಂ ಬಗ್ಗಿ ಮಗಳ ಕೆನ್ನೆ ತಟ್ಟಿದಳು. "ಮನೆಗೆ ತಗೊಂಡು ಹೋಗಿ ಕೊಡು. ಆಡಲಿ. ಮಗುಗೂ ಖುಷಿ, ನಮಗೂ ಕೆಲಸ ಆಗುತ್ತೆ."

ಅಂದು ಸವೆತದಕ್ಕನಿಗೆ ನಿಜವಾಗಿಯೂ ಸಂತೋಷವಾಗಿತ್ತು. ಮಗಳ ಕೈಗೆ ಆಟಿಕೆ ಬರುತ್ತದೆ, ತನ್ನ ಬಾಯಿಗೆ ವಾರ್ನಿಶ್ ತಪ್ಪುತ್ತದೆ ಅಂದುಕೊಂಡಳು. ಎರಡೂ ನಿಜವೇ ಆಗಿತ್ತು.

ಮನೆಯ ಬಾಗಿಲ ಪಕ್ಕದ ಮೊಳೆಗೆ ಒಂದು ಬಟ್ಟೆಯ ಚೀಲ ನೇತುಬಿತ್ತು. ಭಾನುವಾರ ಸವೆತದಕ್ಕ ಆಟಿಕೆಗಳನ್ನೆಲ್ಲ ನೆಲದ ಮೇಲೆ ಸಾಲಾಗಿಟ್ಟು ಒಂದೊಂದನ್ನೇ ತಿರುಗಿಸಿ ನೋಡುತ್ತಿದ್ದಳು. ಸವೆದದ್ದು ಚೀಲಕ್ಕೆ, ಸವೆಯದ್ದು ಮತ್ತೆ ಮಗಳ ಕೈಗೆ. ಮುರಿಯಬಾರದು, ತೊಳೆಯಬಾರದು, ಅವೆರಡೇ ಕಟ್ಟುಪಾಡು. ಮೊದಮೊದಲು ಮಗಳು ಪ್ರತಿ ಭಾನುವಾರ ಚೀಲಕ್ಕೆ ಜೋತುಬಿದ್ದು ರಂಪ ಮಾಡಿದಳು. ಬಟ್ಟೆಯ ಕರಡಿಯೊಂದು ಹೋದಾಗ ಅನ್ನ ಬಿಟ್ಟಳು. ಆಮೇಲೆ ಅಳು ನಿಂತಿತು. ಆಮೇಲೆ ಒಂದು ದಿನ ತಾನೇ ತಗಡಿನ ಬಸ್ಸನ್ನು ತಂದು ಚೀಲಕ್ಕೆ ಹಾಕಿ, "ಇದು ಆಯ್ತಮ್ಮ" ಅಂದಳು.

ಮಗಳಿಗೆ ಬುದ್ಧಿ ಬಂತು ಎಂದು ಸವೆತದಕ್ಕ ಹಿಗ್ಗಿದಳು. ಅತ್ತೆ ಮಾತ್ರ ಮೂಲೆಯಲ್ಲಿ ಕೂತು ಮೂತಿ ತಿರುವಿದಳು.

"ನಿನ್ನ ಮಗಳು ಆಡೋದಿಲ್ಲ ಕಣೆ. ಡ್ಯೂಟಿ ಮಾಡ್ತಾಳೆ."

ಅದು ಸುಳ್ಳಲ್ಲ. ಶಾಲೆ ಬಿಟ್ಟು ಬಂದ ಮೇಲೆ ಹುಡುಗಿ ಮೆಟ್ಟಿಲ ಮೇಲೆ ಕೂತು ಗೊಂಬೆಯ ಮೂಗನ್ನು ಕಲ್ಲಿಗೆ ಹಿಡಿದು ಗಸಗಸ ತಿಕ್ಕುತ್ತಿದ್ದಳು. ಬುಗುರಿಯನ್ನು ಬಾಯಲ್ಲಿಟ್ಟು ಜಗಿಯುತ್ತ ರಸ್ತೆಯಲ್ಲಿ ಹೋಗುವ ವಾಹನ ನೋಡುತ್ತಿದ್ದಳು. ಗೊಂಬೆಗೆ ಹೆಸರಿಲ್ಲ, ಮಾತಿಲ್ಲ, ಜೋಗುಳವಿಲ್ಲ. ತಲೆ ವಾಲಿಸಿ ಪಕ್ಕದ ಹಲ್ಲಲ್ಲಿ ಕಚ್ಚುವುದನ್ನು ಕಂಡಾಗ ಸವೆತದಕ್ಕನಿಗೆ ಕನ್ನಡಿಯಲ್ಲಿ ತನ್ನನ್ನೇ ನೋಡಿದ ಹಾಗಾಯಿತು. ಆದರೂ ಸೋಮವಾರ ಹೊಸ ಆಟಿಕೆ ತಂದುಕೊಟ್ಟಳು. ಮೇಡಂ ಖುಷಿಯಾಗಿದ್ದಳು. ಸವೆತದಕ್ಕನ ಮನೆಯಿಂದ ಬಂದ ಮಾಲು ಅಂಗಡಿಯಲ್ಲಿ ನಿಲ್ಲುತ್ತಿರಲಿಲ್ಲ.

ಬಾತುಕೋಳಿ ಬಂದದ್ದು ಆ ದಿನಗಳಲ್ಲೇ. ಮರದ್ದು, ಹಳದಿ ಮೈ, ಕೆಂಪು ಗಾಲಿ. ಕೊರಳಿಗೆ ಕಟ್ಟಿದ ದಾರ ಹಿಡಿದು ಎಳೆದರೆ ಗಾಲಿಯ ಜೊತೆ ಕೊಕ್ಕೂ ತೆರೆದು ಮುಚ್ಚಿ ಟಕಟಕ ಅನ್ನುತ್ತಿತ್ತು. ಮಗಳು ಅದನ್ನು ಒಂದು ಸಲ ಬಾಗಿಲಿಂದ ಬಚ್ಚಲವರೆಗೆ ಎಳೆದು ನೋಡಿದಳು. ಆಮೇಲೆ ಸ್ಟೂಲು ಹತ್ತಿ ಗಡಿಯಾರದ ಪಕ್ಕದ ಹಲಗೆಯ ಮೇಲೆ ಇಟ್ಟವಳು ಮತ್ತೆ ಮುಟ್ಟಲಿಲ್ಲ. ಅದರ ಜೊತೆ ಬಂದ ಉಳಿದ ಆಟಿಕೆಗಳು ಸವೆದು ಹೋದವು, ಅವುಗಳ ನಂತರ ಬಂದವೂ ಹೋದವು. ಬಾತುಕೋಳಿ ಮಾತ್ರ ಬಣ್ಣದವನು ಕೊಟ್ಟ ದಿನದ ಹಾಗೇ ಫಳಫಳ ಹೊಳೆಯುತ್ತ ಹಲಗೆಯ ಮೇಲೆ ಕೂತಿತ್ತು.

"ಆ ಬಾತು ಎಲ್ಲಿ?" ಎಂದು ಮೇಡಂ ಕೇಳಿದಳು. "ಚಡ್ಡಿ ಹಾಕೋ ಆ ಸಾಹೇಬರು ಕೇಳ್ತಿದಾರೆ. ಅವರ ಚಿಕ್ಕಂದಿನಲ್ಲಿ ಇತ್ತಂತೆ."

"ಮಗಳಿಗೆ ಅದು ಹಿಡಿಸಿಲ್ಲ ಮೇಡಂ. ಮುಟ್ಟೇ ಇಲ್ಲ."

"ಹಾಗಾದ್ರೆ ನೀನೇ ಮಾಡಿಕೊಡು."

ಇದರಲ್ಲಿ ಯೋಚಿಸುವುದಕ್ಕೆ ಏನೂ ಇಲ್ಲ ಎಂದು ಸವೆತದಕ್ಕನಿಗೆ ಅನ್ನಿಸಿತು. ಆ ಮನೆಯಲ್ಲಿ ಪ್ರೀತಿಗೆ ಒಂದೇ ಗುರುತು, ಸವೆತ. ಸವೆಯದ್ದು ಬೇಡವಾದದ್ದು. ಮರುದಿನ ಮಗಳು ಶಾಲೆಗೆ ಹೋದ ಮೇಲೆ, ಅತ್ತೆ ಬಚ್ಚಲಲ್ಲಿದ್ದಾಗ, ಅವಳು ಬಾತುಕೋಳಿಯನ್ನು ಹಲಗೆಯಿಂದ ಇಳಿಸಿ ಚೀಲಕ್ಕೆ ಹಾಕಿಕೊಂಡು ಹೋದಳು.

ಅದನ್ನು ಹಳತು ಮಾಡುವುದಕ್ಕೆ ಅರ್ಧ ದಿನ ಹಿಡಿಯಿತು. ಬಣ್ಣ ಗಟ್ಟಿಯಾಗಿತ್ತು. ತಲೆ ಉಜ್ಜಿದಳು, ರೆಕ್ಕೆ ಉಜ್ಜಿದಳು, ಒಂದು ಗಾಲಿಯನ್ನು ಬಗ್ಗಿಸಿದಳು. ದಾರವನ್ನು ಎಣ್ಣೆ ಧೂಳಿನಲ್ಲಿ ಹೊರಳಿಸಿ ಕರ್ರಗೆ ಮಾಡಿದಳು. ಬಾಲವನ್ನು ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿ, ಗುರುತು ಮೂಡುವವರೆಗೆ ಕಚ್ಚಿದಳು. ಒಸಡಿಗೆ ಸಿಬಿರು ಚುಚ್ಚಿ ರಕ್ತ ಬಂತು. ಅದೂ ಬಾಲಕ್ಕೇ ಹತ್ತಿತು.

"ಒರೆಸಬೇಡ ಅಕ್ಕ, ಒಳ್ಳೆ ಬಣ್ಣ ಕೂತಿದೆ" ಎಂದು ಬಣ್ಣದವನು ನಕ್ಕ.

ಅವಳೂ ನಕ್ಕಳು. ಒರೆಸಲಿಲ್ಲ.

ಸಂಜೆ ಮಗಳು ಶಾಲೆಯಿಂದ ಬಂದವಳು ಚಪ್ಪಲಿ ಬಿಡುತ್ತಲೇ ಹಲಗೆಯ ಕಡೆ ನೋಡಿದಳು. ಮಂಚದ ಕೆಳಗೆ ಬಗ್ಗಿದಳು. ಬಾಗಿಲ ಚೀಲದೊಳಗೆ ಕೈ ಹಾಕಿ ತಡಕಿದಳು.

"ಹೆಡ್‌ಮಾಸ್ಟ್ರು ಎಲ್ಲಮ್ಮ?"

"ಯಾವ ಹೆಡ್‌ಮಾಸ್ಟ್ರು?"

"ಹಳದಿ ಹೆಡ್‌ಮಾಸ್ಟ್ರು."

"ಆ ಬಾತುಕೋಳಿ ಕಣೆ," ಎಂದು ಅತ್ತೆ ಅಡುಗೆಮನೆಯಿಂದ ಹೇಳಿದಳು. "ಕೊಕ್ಕು ಬಡ್ಕೊಂಡು ನಡೆಯೋದು ಅವರ ಶಾಲೆ ಹೆಡ್‌ಮಾಸ್ಟ್ರ ಥರಾನೇ ಅಂತೆ. ದಿನಾ ಬೆಳಿಗ್ಗೆ ಅದಕ್ಕೆ ನಮಸ್ತೆ ಸಾರ್ ಅಂದೇ ಹೊರಗೆ ಕಾಲಿಡೋದು. ನೀನು ಅಷ್ಟೊತ್ತಿಗೆ ಬಚ್ಚಲಲ್ಲಿರ್ತೀಯ, ನಿಂಗೆಲ್ಲಿ ಗೊತ್ತು."

ಸವೆತದಕ್ಕ ಮಗಳ ಕಡೆ ತಿರುಗಿದಳು.

"ನೀನು ಅದನ್ನ ಮುಟ್ತಾನೇ ಇರಲಿಲ್ವಲ್ಲೇ."

"ಮುಟ್ಟಿದ್ರೆ ಸವೀತದೆ," ಅಂದಳು ಮಗಳು. ಮಗ್ಗಿ ಒಪ್ಪಿಸುವ ದನಿ. "ಸವೆದ್ರೆ ನೀನು ತಗೊಂಡು ಹೋಗ್ತೀಯ. ಅದಕ್ಕೇ ಮುಟ್ಟಲಿಲ್ಲ."

ಹುಡುಗಿ ಅಳಲಿಲ್ಲ. ಅತ್ತಿದ್ದರೆ ಬೈದೋ ಮುದ್ದಿಸಿಯೋ ಏನಾದರೂ ಮಾಡಬಹುದಿತ್ತು. ಪಾಟಿಚೀಲ ಇಳಿಸಿ, ಕಿಟಕಿಯಲ್ಲಿದ್ದ ರಬ್ಬರಿನ ಕಪ್ಪೆಯನ್ನು ತೆಗೆದುಕೊಂಡು ಮೆಟ್ಟಿಲಿಗೆ ಹೋಗಿ ಕೂತಳು. ಗಸಗಸ ಸದ್ದು ಶುರುವಾಯಿತು. ಸವೆತದಕ್ಕನ ಬಾಯಲ್ಲಿ ಇನ್ನೂ ವಾರ್ನಿಶ್ ಇತ್ತು. ಬಚ್ಚಲಿಗೆ ಹೋಗಿ ಉಪ್ಪುನೀರಲ್ಲಿ ಮುಕ್ಕಳಿಸಿದಳು, ಬೆರಳಲ್ಲಿ ನಾಲಿಗೆ ಕೆರೆದಳು, ಕೊನೆಗೆ ಕಾರಿಕೊಂಡಳು.

"ನಾಳೆ ತಂದುಕೊಡ್ತೀನಿ," ಎಂದು ಹೊರಗೆ ಬಂದು ಹೇಳಿದಳು.

ಗಸಗಸ ಸದ್ದು ನಿಲ್ಲಲಿಲ್ಲ.

ಮರುದಿನ ಕಂಪನಿಗೆ ಹೋದವಳೇ ಕಪಾಟು ತೆರೆದಳು. ಬಾತುಕೋಳಿ ಇರಲಿಲ್ಲ.

"ಈಗ ತಾನೇ ಮೇಡಂ ಮೇಲೆ ಒಯ್ದರು," ಅಂದ ಬಣ್ಣದವನು. "ಚಡ್ಡಿ ಸಾಹೇಬ ಬೆಳಿಗ್ಗೆಯಿಂದ ಕಾಯ್ತಿದ್ದ. ಯಾಕಕ್ಕ?"

"ಹೊಸ ಬಾತು ಇನ್ನೊಂದು ಇದೆಯಾ?"

"ಇದೆ. ಬಣ್ಣ ಈಗಷ್ಟೇ ಒಣಗಿದೆ."

ಅವಳು ಹೊಸದನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ಮೇಲೆ ಆಟ ರಂಗೇರಿತ್ತು. ಚಡ್ಡಿ ಸಾಹೇಬ ಚಾಪೆಯ ನಡುವೆ ಕಾಲು ಅಗಲಿಸಿ ಕೂತಿದ್ದ. ತೊಡೆಯ ಮೇಲೆ ಬಾತುಕೋಳಿ. ಸುತ್ತ ಕೂತವರಿಗೆ ಅದನ್ನು ತೋರಿಸುತ್ತಿದ್ದ.

"ಸರ್, ಇದು ತಪ್ಪಿ ಬಂದಿದೆ," ಅಂದಳು ಸವೆತದಕ್ಕ. "ನನ್ನ ಮಗಳದು. ಬದಲಿಗೆ ಇದನ್ನ ತಗೊಳ್ಳಿ. ಇದೂ ಅದೇ ಥರ."

ಅವನು ಹೊಸದನ್ನು ನೋಡಿ ಮುಖ ಸಿಂಡರಿಸಿದ. "ಹೊಸದು ಯಾರಿಗೆ ಬೇಕು?"

"ನಾಳೆ ಹಳೇದು ಮಾಡಿಕೊಡ್ತೀನಿ ಸರ್."

"ಕೊಡಲ್ಲ," ಎಂದು ಅವನು ಬಾತುಕೋಳಿಯನ್ನು ಬೆನ್ನ ಹಿಂದೆ ಅಡಗಿಸಿದ. ದನಿ ಕೀಚಲು ಮಾಡಿಕೊಂಡಿದ್ದ. ಸುತ್ತಲಿನವರು ಚಪ್ಪಾಳೆ ತಟ್ಟಿ, "ಕೊಡಬೇಡ, ಕೊಡಬೇಡ" ಎಂದು ರಾಗ ಎಳೆದರು. ತೊದಲು ಮಾತಿನ ಹೆಂಗಸು ಸವೆತದಕ್ಕನ ಕಡೆ ನಾಲಿಗೆ ಚಾಚಿದಳು. ನಾಲಿಗೆ ಮಿಠಾಯಿಯಿಂದ ಹಸಿರಾಗಿತ್ತು.

ಗದ್ದಲ ಕೇಳಿ ಮೇಡಂ ಬಂದು ಬಾಗಿಲಲ್ಲಿ ನಿಂತಳು. ಕಣ್ಣಲ್ಲೇ ಕೆಳಗೆ ಹೋಗು ಅಂದಳು.

ಚಡ್ಡಿ ಸಾಹೇಬನ ಕಣ್ಣು ಒದ್ದೆಯಾಗಿತ್ತು. "ನಿಮಗೆ ಗೊತ್ತಾಗಲ್ಲಮ್ಮ," ಅಂದ, ಈಗ ದೊಡ್ಡವರ ದನಿಯಲ್ಲಿ. "ಇದು ನನ್ನದೇ. ನಾವು ಮನೆ ಬದಲಾಯಿಸಿದಾಗ ಕಳೆದುಹೋಗಿತ್ತು. ಇಲ್ನೋಡಿ ಬಾಲ. ಹಲ್ಲಿನ ಗುರುತು. ನಾನು ಹೀಗೇ ಕಚ್ಚಿಕೊಂಡು ಮಲಗ್ತಿದ್ದೆ." ಬಾಲವನ್ನು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿ ಚೀಪಿದ. ತುಟಿಯ ಕೊನೆಯಿಂದ ಜೊಲ್ಲು ಇಳಿದು ಬಾತುಕೋಳಿಯ ರೆಕ್ಕೆಯ ಮೇಲೆ ಹರಿಯಿತು.

"ಸರ್, ಅದು ನಾನು ಕಚ್ಚಿದ್ದು," ಅಂದಳು ಸವೆತದಕ್ಕ. "ನಿನ್ನೆ ಮಧ್ಯಾಹ್ನ. ಬಾಲದ ಮೇಲೆ ಕೆಂಪಗಿರೋದು ನನ್ನ ಒಸಡಿನ ರಕ್ತ."

ಚೀಪುವ ಸದ್ದು ನಿಂತಿತು. ಅವನು ಬಾಲವನ್ನು ಬಾಯಿಂದ ತೆಗೆದು ನೋಡಿದ. ನೋಡಿ, ಚಾಪೆಯ ಮೇಲೇ ಉಗಿದ. ಚಡ್ಡಿಯ ಅಂಚಿನಿಂದ ನಾಲಿಗೆ ಒರೆಸಿಕೊಂಡ. ಬಾತುಕೋಳಿ ಉರುಳಿ ಸವೆತದಕ್ಕನ ಕಾಲ ಬಳಿ ಬಂತು. ಗೊಂಬೆಯ ಹೊಟ್ಟೆಗೆ ಮೂಗು ಒತ್ತಿಕೊಂಡಿದ್ದ ಹೆಂಗಸೊಬ್ಬಳು ಮೆಲ್ಲನೆ ಗೊಂಬೆ ಕೆಳಗಿಟ್ಟು, "ಇದನ್ನ?" ಎಂದು ಕೇಳಿದಳು.

"ಆ ವಾಸನೆ ಕೆಟ್ಟ ಹಾಲಿನ ಕೆನೇದು," ಅಂದಳು ಸವೆತದಕ್ಕ. "ಕಚ್ಚಿದ್ದು ನನ್ನ ಮಗಳು."

ಯಾರೋ ಓಕರಿಸಿದರು. ಚಡ್ಡಿ ಸಾಹೇಬ ಎದ್ದು ನಿಂತು, ತನ್ನ ಪ್ಯಾಂಟು ಎಲ್ಲಿ ಎಂದು ಕೇಳಿದ.

ಮೇಡಂ ಅವಳನ್ನು ತೋಳು ಹಿಡಿದು ಮೆಟ್ಟಿಲವರೆಗೆ ಎಳೆದುಕೊಂಡು ಬಂದಳು. ಕೂಗಾಡಲಿಲ್ಲ. "ಗೊತ್ತಿಲ್ಲದೆ ಬರ್ತಾರೆ ಅಂದ್ಕೊಂಡಿದೀಯ? ಅವರಿಗೂ ಗೊತ್ತಿತ್ತು. ಬಾಯಿ ಬಿಟ್ಟು ಹೇಳಬಾರದಿತ್ತು ಅಷ್ಟೆ," ಅಂದಳು. ಆಮೇಲೆ ಬಾತುಕೋಳಿಯ ಕಡೆ ನೋಡಿ, "ತಗೊಂಡು ಹೋಗು ಅದನ್ನ. ಇನ್ಯಾರು ಮುಟ್ತಾರೆ. ನಾಳೆಯಿಂದ ನೀನೂ ಬರಬೇಡ," ಅಂದಳು.

ಸವೆತದಕ್ಕ ಬಸ್ಸಿನಲ್ಲಿ ಬಾತುಕೋಳಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಅದು ಇನ್ನೂ ಒದ್ದೆಯಾಗಿತ್ತು, ಮುಟ್ಟಲು ಅಸಹ್ಯವಾಗುತ್ತಿತ್ತು. ಮನೆಗೆ ಬಂದು ಬಿಸಿನೀರು ಸೋಪು ಹಾಕಿ ಬ್ರಷ್ಷಿನಿಂದ ತಿಕ್ಕಿದಳು. ಜೊಲ್ಲು ಹೋಯಿತು, ರಕ್ತವೂ ಹೋಯಿತು. ಚಹಾದ ಕಲೆ ಹೋಗಲಿಲ್ಲ. ಹಲ್ಲಿನ ಗುರುತು ನೀರು ಕುಡಿದು ಇನ್ನೂ ಅಗಲವಾಯಿತು.

"ಇಷ್ಟು ಬೇಗ ಬಂದಿದೀಯ?" ಅಂದಳು ಅತ್ತೆ.

"ಕೆಲಸ ಹೋಯ್ತು ಅತ್ತೆ."

ಅತ್ತೆ ಬಾತುಕೋಳಿಯನ್ನು ನೋಡಿದಳು, ಸೊಸೆಯನ್ನು ನೋಡಿದಳು. ಅಡುಗೆಮನೆಗೆ ಹೋಗಿ ಚಹಾಕ್ಕೆ ನೀರಿಟ್ಟಳು.

ಮಗಳು ಬರುವ ಹೊತ್ತಿಗೆ ಸವೆತದಕ್ಕ ಬಾತುಕೋಳಿಯನ್ನು ಹಲಗೆಯ ಮೇಲೆ, ಗಡಿಯಾರದ ಪಕ್ಕ, ಅದೇ ಜಾಗದಲ್ಲಿ ಇಟ್ಟಿದ್ದಳು. ಹುಡುಗಿ ಒಳಗೆ ಬಂದು ನೋಡಿದಳು. ಸ್ಟೂಲು ಎಳೆದು ಹತ್ತಿ ಕೆಳಗಿಳಿಸಿದಳು. ಭಾನುವಾರ ತಾಯಿ ಮಾಡುತ್ತಿದ್ದ ಹಾಗೆಯೇ ಅದನ್ನು ತಿರುಗಿಸಿ ನೋಡಿದಳು. ತಲೆ, ರೆಕ್ಕೆ, ಗಾಲಿ. ದಾರವನ್ನು ಎಳೆದು ಕೊಕ್ಕು ಆಡುತ್ತದೆಯೇ ಎಂದು ನೋಡಿದಳು. ಬಾಲದ ಗುರುತಿನ ಮೇಲೆ ಬೆರಳಾಡಿಸಿದಳು.

"ಚೆನ್ನಾಗಿ ಸವೆದಿದೆ," ಅಂದಳು.

ಹೋಗಿ ಬಾಗಿಲ ಚೀಲಕ್ಕೆ ಹಾಕಿದಳು.

"ಚೀಲಕ್ಕೆ ಬೇಡ ಕಣೇ," ಅಂದಳು ಸವೆತದಕ್ಕ. "ಇನ್ಮೇಲೆ ಯಾವುದನ್ನೂ ವಾಪಸ್ಸು ಒಯ್ಯಲ್ಲ. ಇದು ನಿಂದೇ."

"ಇದು ಆಯ್ತಲ್ಲಮ್ಮ."

"ಆಗಿಲ್ಲ. ಅದೇ ಹೆಡ್‌ಮಾಸ್ಟ್ರು ನೋಡು. ನಿಂದು."

"ನಂದು ಹೊಸದಿತ್ತು," ಅಂದಳು ಮಗಳು. ಪಾಟಿಚೀಲ ಇಳಿಸಿ, ರಬ್ಬರಿನ ಕಪ್ಪೆಯನ್ನು ಹುಡುಕಿಕೊಂಡು ಮೆಟ್ಟಿಲ ಕಡೆ ಹೊರಟಳು. ಹೊಸಿಲಲ್ಲಿ ನಿಂತು ತಿರುಗಿ, "ಇದೂ ನಾಳೆಗೆ ಆಗ್ತದೆ. ಬೇರೆದು ಯಾವಾಗ ತರ್ತೀಯ?" ಎಂದು ಕೇಳಿದಳು.

ಹೊರಗೆ ಗಸಗಸ ಶುರುವಾಯಿತು.

ಆ ವಾರ ಆ ಮನೆಯಿಂದ ಹೋದದ್ದು ಎರಡು. ಒಂದು ಕೆಲಸ, ಒಂದು ಮರದ ಬಾತುಕೋಳಿ. ಬಾತುಕೋಳಿ ಬಾಗಿಲ ಬಳಿಯ ಚೀಲದಲ್ಲೇ ಇತ್ತು. ಆದರೂ ಅದನ್ನು ಲೆಕ್ಕಕ್ಕೆ ಸೇರಿಸಬೇಕು.